ಮ್ಯಾಸ್ಕಾಟ್‌ಗೆ ಮಾತಾಡೋ ಹಾಗಿಲ್ಲ

(ಈ ವಾರದ ಸಂಚಿಕೆಯ ಪಠ್ಯರೂಪ)

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ಕೇಳ್ತಿರೋರು, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರು, ಎಲ್ರಿಗೂ ಸ್ವಾಗತ. ಇವತ್ತಿನ ವಿಷಯ ಮ್ಯಾಸ್ಕಾಟ್. ಅದೇ, ಮ್ಯಾಚ್ ಮಧ್ಯೆ ದಪ್ಪ ತಲೆ, ಗುಂಡು ಹೊಟ್ಟೆ ಹಾಕ್ಕೊಂಡು ಬಂದು ಕುಣಿಯುತ್ತಲ್ಲ, ಆ ಗೊಂಬೆ. ‘ಇದ್ರ ಬಗ್ಗೆ ಮಾತಾಡೋಕೆ ಏನಿದೆ ಮಾರಾಯ’ ಅಂತ ನನ್ನ ಎಡಿಟರ್ ಗೆಳೆಯನೇ ಕೇಳಿದ. ಇದೆ, ತುಂಬಾ ಇದೆ. ಕೋರ್ಟು, ಕೋಟ್ಯಂತರ ಡಾಲರ್, ಒಬ್ಬ ತಾಯಿ, ಒಂದು ಮುರಿದ ಕಾಲು, ಎಲ್ಲಾ ಇದೆ.

ಮೊದಲು ಒಂದು ತಮಾಷೆ ಕಥೆ. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಐಸ್ ಹಾಕಿ ಟೀಮ್ ಫ್ಲೈಯರ್ಸ್ ತನ್ನ ಹೊಸ ಮ್ಯಾಸ್ಕಾಟ್ ತೋರಿಸ್ತು. ಹೆಸರು ಗ್ರಿಟ್ಟಿ. ಏಳಡಿ ಎತ್ತರ, ಮೈತುಂಬಾ ಕಿತ್ತಳೆ ಬಣ್ಣದ ಕೂದಲು, ಹೊರಗೆ ಬಿದ್ದೇ ಬಿಡುತ್ತೇನೋ ಅನ್ನೋ ಹಾಗೆ ಎರಡು ಕಣ್ಣುಗುಡ್ಡೆ. ಇಂಟರ್‌ನೆಟ್ ಪೂರ್ತಿ ಬಿದ್ದು ಬಿದ್ದು ನಕ್ತು. ಮಕ್ಕಳು ಹೆದರ್ಕೋತಾರೆ ಅಂದ್ರು. ಎದುರಾಳಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್‌ನವರು ಟ್ವಿಟರ್‌ನಲ್ಲಿ ಕಾಲೆಳೆದ್ರು. ಅದಕ್ಕೆ ಗ್ರಿಟ್ಟಿ ಕೊಟ್ಟ ಉತ್ತರ ಹೆಚ್ಚೂಕಮ್ಮಿ ಹೀಗಿತ್ತು: ಇವತ್ತು ರಾತ್ರಿ ಒಂದು ಕಣ್ಣು ತೆಗೆದಿಟ್ಕೊಂಡು ಮಲಗು, ಹಕ್ಕೀ. ಅಷ್ಟೇ. ಅಲ್ಲೀವರೆಗೆ ನಗ್ತಿದ್ದ ಫಿಲಡೆಲ್ಫಿಯಾದ ಜನ ಒಂದೇ ದಿನದಲ್ಲಿ ತಿರುಗಿಬಿಟ್ರು. ‘ನಾವು ಬೈಕೋತೀವಿ, ನೀವ್ಯಾರು ಬೈಯೋಕೆ?’ ಮುಂದಿನ ತಿಂಗಳು ಆ ಊರಿನ ನಗರಸಭೆ ಗ್ರಿಟ್ಟಿಗೆ ಗೌರವ ಸಲ್ಲಿಸಿ ನಿರ್ಣಯ ಪಾಸ್ ಮಾಡ್ತು. ನಿಜವಾಗ್ಲೂ.

ನಮ್ಮನೇಲಿ ತಮ್ಮನಿಗೆ ನಾವು ಎಷ್ಟು ಬೇಕಾದ್ರೂ ಬೈತೀವಿ, ಪಕ್ಕದ ಮನೆಯವರು ಒಂದು ಮಾತು ಅಂದ್ರೆ ಜಗಳಕ್ಕೆ ಹೋಗ್ತೀವಲ್ಲ, ಅದೇ ಇದು. ಒಂದು ಮ್ಯಾಸ್ಕಾಟ್ ಕೆಲಸ ಮಾಡ್ತಿದೆ ಅಂತ ಗೊತ್ತಾಗೋದು ಹೀಗೆ. ಅದು ಚೆನ್ನಾಗಿದೆಯಾ ಅನ್ನೋದು ಆಮೇಲಿನ ಮಾತು, ‘ನಮ್ದು’ ಅನ್ನಿಸಬೇಕು.

ಪದದ ಮೂಲವೂ ಮಜವಾಗಿದೆ. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಭಾಷೆಯಲ್ಲಿ ‘ಮಾಸ್ಕೊ’ ಅಂದ್ರೆ ಮಾಟಗಾತಿ. ಅದರಿಂದ ಬಂದಿದ್ದು ‘ಮಾಸ್ಕಾಟ್’, ಅಂದ್ರೆ ಅದೃಷ್ಟ ತರೋ ವಸ್ತು, ತಾಯಿತದ ಥರ. 1880ರಲ್ಲಿ ಎಡ್ಮಂಡ್ ಔದ್ರಾನ್ ಅನ್ನೋ ಸಂಗೀತಗಾರ ‘ಲಾ ಮಾಸ್ಕಾಟ್’ ಅಂತ ಒಂದು ಸಂಗೀತ ನಾಟಕ ಮಾಡಿದ. ಅದು ಹಿಟ್ ಆಗಿ ಪದ ಇಂಗ್ಲಿಷ್‌ಗೂ ಹೋಯ್ತು. 1889ರ ಹೊತ್ತಿಗೆ ಅಮೆರಿಕದ ಯೇಲ್ ಯೂನಿವರ್ಸಿಟಿಯಲ್ಲಿ ಹ್ಯಾಂಡ್ಸಮ್ ಡ್ಯಾನ್ ಅನ್ನೋ ಬುಲ್‌ಡಾಗ್ ಮ್ಯಾಸ್ಕಾಟ್ ಆಗಿತ್ತು. ನಿಜವಾದ ನಾಯಿ. ನಮ್ಮಲ್ಲಿ ಹೊಸ ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ತಾರಲ್ಲ, ಮ್ಯಾಸ್ಕಾಟ್ ಶುರುವಾಗಿದ್ದು ಆ ಜಾತಿಯ ನಂಬಿಕೆಯಿಂದ.

ಭಾರತಕ್ಕೆ ಬಂದ್ರೆ, ನಮ್ಮ ಅಪ್ಪ ಅಮ್ಮನ ತಲೆಮಾರಿಗೆ ಮ್ಯಾಸ್ಕಾಟ್ ಅಂದ್ರೆ ಅಪ್ಪು. ಪುನೀತ್ ಅಲ್ಲ. ಆ ಅಪ್ಪು ಬಗ್ಗೆ ಮಾತು ಶುರು ಮಾಡಿದ್ರೆ ಈ ಎಪಿಸೋಡ್ ಅಲ್ಲೇ ನಿಂತುಬಿಡುತ್ತೆ. ನಾನು ಹೇಳ್ತಿರೋದು 1982ರ ದೆಹಲಿ ಏಷ್ಯನ್ ಗೇಮ್ಸ್‌ನ ಆನೆಮರಿ. ದೂರದರ್ಶನ ಕಲರ್ ಆದ ವರ್ಷವೂ ಅದೇ, ಹಾಗಾಗಿ ಎಷ್ಟೋ ಜನ ಬಣ್ಣದಲ್ಲಿ ನೋಡಿದ ಮೊದಲ ಗೊಂಬೆ ಅದು. ಆಮೇಲೆ ದೆಹಲಿಯಲ್ಲಿ ‘ಅಪ್ಪು ಘರ್’ ಅಂತ ಮಕ್ಕಳ ಪಾರ್ಕ್ ಕೂಡ ಆಯ್ತು. ಆದ್ರೆ ಆ ಗೊಂಬೆ ಹಿಂದೆ ಒಂದು ನಿಜವಾದ ಮರಿಯಾನೆ ಇತ್ತು. ಕೇರಳದ್ದು, ಹೆಸರು ಕುಟ್ಟಿನಾರಾಯಣನ್. ಏಳು ವರ್ಷದ್ದಾಗಿದ್ದಾಗ ಸೆಪ್ಟಿಕ್ ಟ್ಯಾಂಕ್‌ನಲ್ಲಿ ಬಿದ್ದು ಕಾಲು ಮುರೀತು, ಪೂರ್ತಿ ವಾಸಿಯಾಗಲೇ ಇಲ್ಲ. 2005ರಲ್ಲಿ ಸತ್ತುಹೋಯ್ತು. ಗೊಂಬೆ ಅಪ್ಪು ಇವತ್ತಿಗೂ ಹಳೇ ಸ್ಟ್ಯಾಂಪ್‌ಗಳ ಮೇಲೆ ಖುಷಿಯಾಗೇ ಇದೆ.

ನಮ್ಮ ಬೆಂಗಳೂರಿಗೆ ಸಂಬಂಧಪಟ್ಟ ಆನೆಯೂ ಒಂದಿದೆ. ರೈಲ್ವೆಯ ‘ಭೋಲು’ ನೋಡಿರ್ತೀರಿ. ಗಾರ್ಡ್ ಯೂನಿಫಾರ್ಮ್, ಕೈಯಲ್ಲಿ ಹಸಿರು ಲ್ಯಾಂಪ್. ಭಾರತೀಯ ರೈಲ್ವೆಯ 150ನೇ ವರ್ಷದ ಆಚರಣೆಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು ಮಾಡಿದ್ದು. ಅದನ್ನ ಮೊದಲು ಜನರಿಗೆ ತೋರಿಸಿದ್ದು 2002ರ ಏಪ್ರಿಲ್ 16ರಂದು, ಬೆಂಗಳೂರಿನಲ್ಲಿ. ಒಂದು ವರ್ಷಕ್ಕೆ ಅಂತ ಬಂದವನು ಪರ್ಮನೆಂಟ್ ಆಗಿಬಿಟ್ಟ. ಸರ್ಕಾರಿ ಕೆಲಸ ಅಂದ್ರೆ ಹಾಗೇ.

ಈಗ ಆ ಸೂಟ್ ಒಳಗಡೆ ಹೋಗೋಣ. ನಾನು ಹೋಗಿ ಬಂದಿದೀನಿ, ಅದಕ್ಕೇ ಹೇಳ್ತಿರೋದು.

ಬಿಕಾಂ ಎರಡನೇ ವರ್ಷ, ತುಮಕೂರಿನಲ್ಲಿ. ಒಂದು ಬಟ್ಟೆ ಅಂಗಡಿ ಓಪನಿಂಗ್, ದಸರಾ ಸೀಸನ್. ಕರಡಿ ವೇಷ ಹಾಕ್ಕೊಂಡು ಬಾಗಿಲಲ್ಲಿ ನಿಂತು ಕೈ ಬೀಸಬೇಕು, ದಿನಕ್ಕೆ 500 ರೂಪಾಯಿ. ತಲೆ ಹಾಕ್ಕೊಂಡ ತಕ್ಷಣ ಗೊತ್ತಾಗೋ ಮೊದಲ ವಿಷಯ, ಕರಡಿಯ ಕಣ್ಣಿಂದ ಏನೂ ಕಾಣಲ್ಲ. ಬಾಯಿ ಹತ್ರ ಒಂದು ಜಾಲರಿ ಇರುತ್ತೆ, ಅಲ್ಲಿಂದ ನೋಡಬೇಕು. ಎರಡನೇದು, ಹಿಂದೆ ಹಾಕ್ಕೊಂಡವರ ಬೆವರಿನ ವಾಸನೆ. ಮೂರನೇದು ಅಂಗಡಿ ಮ್ಯಾನೇಜರ್ ಹೇಳಿದ ರೂಲ್: ಏನೇ ಆದ್ರೂ ಮಾತಾಡಬಾರದು. ಮಾತಾಡಿದ್ರೆ ಮಕ್ಕಳಿಗೆ ಕರಡಿ ಹೋಗಿ ಮನುಷ್ಯ ಕಾಣ್ತಾನೆ.

ಚಿಕ್ಕ ಮಕ್ಕಳು ಬಂದು ತಬ್ಕೊಳ್ಳೋವು. ಅದು ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಸಂಜೆ ಹೊತ್ತಿಗೆ ಹೈಸ್ಕೂಲ್ ಹುಡುಗರ ಒಂದು ಗುಂಪು ಬಂತು. ಹಿಂದಿನಿಂದ ಒದ್ದು ಓಡೋದು, ಬಾಲ ಹಿಡಿದು ಎಳೆಯೋದು. ಒಬ್ಬ ಜಿಪ್ ಕಿತ್ತ. ನಾನು ಒಳಗಿಂದ ‘ಸಾಕು’ ಅನ್ನೋ ಹಾಗಿಲ್ಲ. ಕೈ ಬೀಸಬೇಕು, ಕರಡಿ ನಗ್ತಾನೇ ಇರುತ್ತೆ, ಯಾಕಂದ್ರೆ ಆ ನಗು ಪ್ಲಾಸ್ಟಿಕ್‌ದು. ಸುತ್ತ ನಿಂತವರಿಗೆಲ್ಲ ಕರಡಿಗೂ ಮಜಾ ಬರ್ತಿದೆ ಅಂತಾನೇ ಅನ್ಸಿರುತ್ತೆ. ಕೊನೇಲಿ ಜಿಪ್ ಹೋಯ್ತು ಅಂತ 200 ರೂಪಾಯಿ ಹಿಡ್ಕೊಂಡ್ರು, ಆ ಸಿಟ್ಟು ಇನ್ನೂ ಇದೆ.

ಈ ರೂಲ್, ಮ್ಯಾಸ್ಕಾಟ್ ಮಾತಾಡಬಾರದು ಅನ್ನೋದು, ಪ್ರಪಂಚದ ಎಷ್ಟೋ ಕಡೆ ಇದೆ. ಕರಡಿಗೆ, ಆನೆಗೆ ಅದು ಸರಿ. ಆದ್ರೆ ಮ್ಯಾಸ್ಕಾಟ್ ಒಂದು ಪ್ರಾಣಿಯಾಗಿರದೆ ಬದುಕಿರೋ ಒಂದು ಜನಾಂಗವೇ ಆಗಿದ್ರೆ? ಆಗ ಆ ನಗು ಯಾರದ್ದು? ‘ಸಾಕು’ ಅಂತ ಹೇಳೋಕೆ ಅವರಿಗೆ ಬಾಯಿ ಇದೆಯಾ? ಇವತ್ತಿನ ಎಪಿಸೋಡ್ ಇರೋದು ಇದಕ್ಕೋಸ್ಕರ.

ಅಮೆರಿಕದಲ್ಲಿ ಇಲಿನಾಯ್ ಅನ್ನೋ ರಾಜ್ಯ ಇದೆ. ಶಿಕಾಗೋ ಇರೋ ರಾಜ್ಯ. ಅಲ್ಲಿನ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ಟೀಮ್‌ಗಳಿಗೆ 1926ರಿಂದ ಒಂದು ಪಾತ್ರ ಇತ್ತು: ಚೀಫ್ ಇಲಿನಿವೆಕ್. ಅಂದ್ರೆ ಅಲ್ಲಿನ ಮೂಲನಿವಾಸಿಗಳ ‘ನಾಯಕ’. ಮ್ಯಾಚಿನ ವಿರಾಮದಲ್ಲಿ ಒಬ್ಬ ವಿದ್ಯಾರ್ಥಿ, ಸಾಮಾನ್ಯವಾಗಿ ಬಿಳಿಯ ಹುಡುಗ, ಹದ್ದಿನ ಗರಿಗಳ ದೊಡ್ಡ ಕಿರೀಟ, ಚರ್ಮದ ಅಂಗಿ ಹಾಕ್ಕೊಂಡು ಬಂದು ಕುಣಿಯೋದು. ಸ್ಟೇಡಿಯಂ ಪೂರ್ತಿ ಎದ್ದು ನಿಲ್ಲೋದು. ಕೆಲವರಿಗೆ ಕಣ್ಣಲ್ಲಿ ನೀರು ಬರೋದು. ಅದು ನಾಟಕ ಅಂತ ನನಗನ್ಸಲ್ಲ, ಅವರ ಪ್ರೀತಿ ನಿಜವಾದದ್ದೇ. ಆದ್ರೆ ಆ ಕುಣಿತ ಬೆಳೆದಿದ್ದು ಬಾಯ್ ಸ್ಕೌಟ್ಸ್ ಶಿಬಿರಗಳಲ್ಲಿ ಕಲಿಸ್ತಿದ್ದ ‘ಇಂಡಿಯನ್ ಡ್ಯಾನ್ಸ್’ನಿಂದ. ವೇಷ ಲಕೋಟಾ ಜನರ ಶೈಲಿಯದ್ದು. ಅವರ ನೆಲ ಇಲಿನಾಯ್‌ನಿಂದ ಪಶ್ಚಿಮಕ್ಕೆ ತುಂಬಾ ದೂರ. ಇಲಿನಾಯ್ ಅನ್ನೋ ಹೆಸರು ಯಾರಿಂದ ಬಂತೋ ಆ ಜನರ ವಂಶದವರು ಅಷ್ಟರಲ್ಲಿ ಒಕ್ಲಹೋಮಾದಲ್ಲಿದ್ರು, ಅಲ್ಲಿಗೆ ದೂಡಲ್ಪಟ್ಟಿದ್ರು. ಅಂದ್ರೆ ಕೇರಳದ ಕಾಲೇಜಿನವರು ಕೊಡವರ ಕುಪ್ಪಸ ಹಾಕ್ಕೊಂಡು, ಯೂಟ್ಯೂಬ್ ನೋಡಿ ಕಲಿತ ಕುಣಿತ ಕುಣಿದು, ‘ಇದು ನಮ್ಮ ಯಕ್ಷಗಾನ’ ಅಂದ ಹಾಗೆ.

1980ರ ದಶಕದ ಕೊನೆಯಲ್ಲಿ ಅಲ್ಲಿಗೆ ಕಲಾ ವಿಭಾಗದಲ್ಲಿ ಮಾಸ್ಟರ್ಸ್ ಓದೋಕೆ ಶಾರ್ಲೀನ್ ಟೀಟರ್ಸ್ ಅನ್ನೋ ಹೆಣ್ಣುಮಗಳು ಬಂದ್ರು. ಸ್ಪೋಕೇನ್ ಬುಡಕಟ್ಟಿನವರು, ಇಬ್ಬರು ಮಕ್ಕಳ ತಾಯಿ. ಒಂದು ಸಲ ಮಕ್ಕಳನ್ನ ಬ್ಯಾಸ್ಕೆಟ್‌ಬಾಲ್ ಮ್ಯಾಚ್‌ಗೆ ಕರ್ಕೊಂಡು ಹೋದ್ರು. ವಿರಾಮದಲ್ಲಿ ಚೀಫ್ ಬಂದ. ಮನೇಲಿ ಅವರು ಆ ಮಕ್ಕಳಿಗೆ ಕಲಿಸಿದ್ದು, ಹದ್ದಿನ ಗರಿ ಪವಿತ್ರ, ಅದನ್ನ ಸಂಪಾದಿಸಬೇಕು, ಕುಣಿತ ಅಂದ್ರೆ ಪ್ರಾರ್ಥನೆ ಅಂತ. ಇಲ್ಲಿ ಅದೇ ಗರಿ ಹಾಕ್ಕೊಂಡು ಯಾರೋ ಹಾರಿ ಹಾರಿ ಕಾಲು ಅಗಲಿಸ್ತಿದಾನೆ, ಸಾವಿರಾರು ಜನ ಕೇಕೆ ಹಾಕ್ತಿದಾರೆ. ಮಗಳು ಸೀಟಿನಲ್ಲಿ ಕೆಳಗೆ ಕೆಳಗೆ ಜಾರ್ತಾ ಹೋದಳು. ಮಗ ನಗೋಕೆ ಪ್ರಯತ್ನ ಮಾಡಿದ. ಇದನ್ನ ಆ ತಾಯಿ ಆಮೇಲೆ ಒಂದು ಸಾಕ್ಷ್ಯಚಿತ್ರದಲ್ಲಿ ಹೇಳ್ತಾರೆ. 1997ರ ‘ಇನ್ ಹೂಸ್ ಆನರ್?’ ಅಂತ ಹೆಸರು.

ಆ ಹುಡುಗ ನಗೋಕೆ ಪ್ರಯತ್ನ ಮಾಡಿದ್ದು ಇದೆಯಲ್ಲ, ಅದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಸುತ್ತ ಎಲ್ಲರೂ ಖುಷಿಯಾಗಿದ್ದಾಗ ನಮಗೆ ನೋವಾದ್ರೆ ನಾವು ಮಾಡೋದು ಅದನ್ನೇ ಅಲ್ವಾ?

ಟೀಟರ್ಸ್ ಮುಂದಿನ ದಿನಗಳಲ್ಲಿ ಸ್ಟೇಡಿಯಂ ಹೊರಗೆ ಒಂದು ಬೋರ್ಡ್ ಹಿಡ್ಕೊಂಡು ನಿಂತ್ರು. ಇಂಡಿಯನ್ನರೂ ಮನುಷ್ಯರು ಅಂತ ಅದರಲ್ಲಿತ್ತು. ಒಬ್ಬರೇ. ಜನ ಬೈದ್ರು, ಉಗಿದ್ರು. ಆಮೇಲೆ ಬೇರೆಯವರೂ ಜೊತೆಯಾದ್ರು. 2000ದಲ್ಲಿ ಒಕ್ಲಹೋಮಾದ ಪಿಯೋರಿಯಾ ಬುಡಕಟ್ಟಿನವರು, ಅಂದ್ರೆ ನಿಜವಾದ ವಾರಸುದಾರರು, ಇದನ್ನ ನಿಲ್ಲಿಸಿ ಅಂತ ನಿರ್ಣಯ ಮಾಡಿ ಕೇಳಿದ್ರು. ಚೀಫ್ ಕೊನೇ ಸಲ ಕುಣಿದಿದ್ದು 2007ರ ಫೆಬ್ರವರಿಯಲ್ಲಿ. ಅದಕ್ಕೆ ಯೂನಿವರ್ಸಿಟಿಗಿದ್ದ ಒತ್ತಡ ಏನು ಅಂದ್ರೆ, ಅಮೆರಿಕದ ಕಾಲೇಜು ಕ್ರೀಡೆಗಳನ್ನ ನಡೆಸೋ ಎನ್‌ಸಿಎಎ ಸಂಸ್ಥೆ 2005ರಲ್ಲಿ ಒಂದು ನಿಯಮ ಮಾಡಿತ್ತು. ಮೂಲನಿವಾಸಿಗಳಿಗೆ ಅವಮಾನ ಆಗೋ ಹೆಸರು, ಚಿತ್ರ ಇಟ್ಕೊಂಡಿರೋ ಕಾಲೇಜುಗಳು ತಾನು ನಡೆಸೋ ಚಾಂಪಿಯನ್‌ಶಿಪ್‌ಗಳಲ್ಲಿ ಅವನ್ನ ಬಳಸೋ ಹಾಗಿಲ್ಲ, ಅಂಥ ಪಂದ್ಯಗಳನ್ನ ತಮ್ಮ ಊರಲ್ಲಿ ನಡೆಸೋ ಹಾಗೂ ಇಲ್ಲ ಅಂತ.

ನಮ್ಮಲ್ಲಿ ಇದು ಅರ್ಥ ಆಗೋದು ಕಷ್ಟ ಅಂತ ಅನ್ಕೊಳ್ಳೋದು ಬೇಡ. ‘ಕಾಂತಾರ’ ಬಂದ ಮೇಲೆ ಏನಾಯ್ತು ನೆನಪು ಮಾಡ್ಕೊಳ್ಳಿ. ಥಿಯೇಟರ್‌ಗೆ ದೈವದ ವೇಷ ಹಾಕ್ಕೊಂಡು ಬಂದ್ರು, ರೀಲ್ಸ್ ಮಾಡಿದ್ರು, ಫಂಕ್ಷನ್‌ಗಳಲ್ಲಿ ಕಿರುಚಿ ಕುಣಿದ್ರು. ಮಾಡಿದವರ ಮನಸ್ಸಲ್ಲಿ ಬಹುಶಃ ಅಭಿಮಾನವೇ ಇತ್ತು. ಕರಾವಳಿಯವರು ‘ಇದು ನಮ್ಮ ನಂಬಿಕೆ, ವೇಷ ಅಲ್ಲ’ ಅಂದ್ರು. ಕೊನೆಗೆ ಚಿತ್ರ ಮಾಡಿದವರೇ ದಯವಿಟ್ಟು ದೈವವನ್ನ ಅನುಕರಣೆ ಮಾಡಬೇಡಿ ಅಂತ ಮನವಿ ಮಾಡಬೇಕಾಯ್ತು. ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ತುಳುನಾಡಿನವರನ್ನೆಲ್ಲ ಅಲ್ಲಿಂದ ಓಡಿಸಿ, ಆ ಜಾಗದಲ್ಲಿ ಬೇರೆಯವರು ಯೂನಿವರ್ಸಿಟಿ ಕಟ್ಟಿ, ವಾರಕ್ಕೊಂದು ಸಲ ಆ ವೇಷದಲ್ಲಿ ಕುಣಿದು, ‘ನಾವು ನಿಮಗೆ ಗೌರವ ಕೊಡ್ತಿದೀವಿ’ ಅಂತಾರೆ. ಟೀಟರ್ಸ್ ಅವರ ಮಗಳು ಯಾಕೆ ಸೀಟಿನಲ್ಲಿ ಜಾರಿದಳು ಅಂತ ಈಗ ಗೊತ್ತಾಯ್ತಲ್ಲ.

‘ಭಾವನೆಗೆ ನೋವಾಯ್ತು ಅಂದ್ರೆ ಸಾಕಾ, ಪ್ರೂಫ್ ಎಲ್ಲಿ’ ಅಂತ ಕೇಳೋರಿಗೆ: ಸ್ಟೆಫನಿ ಫ್ರೈಬರ್ಗ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನಗಳಿವೆ. ಮೂಲನಿವಾಸಿ ಹೈಸ್ಕೂಲ್, ಕಾಲೇಜು ಮಕ್ಕಳಿಗೆ ಇಂಥ ಮ್ಯಾಸ್ಕಾಟ್ ಚಿತ್ರಗಳನ್ನ ತೋರಿಸಿದಾಗ ಅವರ ಆತ್ಮಗೌರವ ಕಡಿಮೆಯಾಯ್ತು, ‘ಮುಂದೆ ನಾನೇನಾಗಬಹುದು’ ಅನ್ನೋ ಕಲ್ಪನೆಯಲ್ಲಿ ಓದು, ಸಾಧನೆಯ ಮಾತು ಕಡಿಮೆಯಾಯ್ತು. ನನಗೆ ಇದು ಆಶ್ಚರ್ಯ ಅಲ್ಲ. ನೀವು ದಿನಾ ನೋಡೋ ನಿಮ್ಮ ಒಂದೇ ಒಂದು ಚಿತ್ರ ಕೊಡಲಿ ಹಿಡಿದು ಕಿರುಚ್ತಿರೋದು ಅಂದ್ರೆ, ಡಾಕ್ಟರ್ ಆಗೋ ಕನಸು ಎಲ್ಲಿಂದ ಬರಬೇಕು?

ಸರಿ, ಹಾಗಾದ್ರೆ ಎಲ್ಲಾನೂ ತೆಗೆದುಹಾಕಬೇಕಾ? ಇಲ್ಲಿ ವಿಷಯ ಸ್ವಲ್ಪ ಜಟಿಲ ಆಗುತ್ತೆ, ನನಗೆ ಇಷ್ಟವಾಗೋ ಭಾಗವೂ ಇದೇ.

ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯ ಟೀಮ್ ಹೆಸರು ಸೆಮಿನೋಲ್ಸ್. ಸೆಮಿನೋಲ್ ಅನ್ನೋದು ಅಲ್ಲಿನ ಬುಡಕಟ್ಟು. 1978ರಿಂದ ತವರಿನಲ್ಲಿ ನಡೆಯೋ ಫುಟ್‌ಬಾಲ್ ಮ್ಯಾಚಿಗೆ ಮುಂಚೆ ಒಸಿಯೋಲಾ ವೇಷದ ವಿದ್ಯಾರ್ಥಿ ಕುದುರೆ ಮೇಲೆ ಬಂದು ಉರಿಯೋ ಈಟಿಯನ್ನ ಮೈದಾನದ ಮಧ್ಯೆ ನೆಡ್ತಾನೆ. ನಿಜವಾದ ಒಸಿಯೋಲಾ ಫ್ಲಾರಿಡಾದ ಜೌಗು ಕಾಡಿನಲ್ಲಿ ಅಮೆರಿಕದ ಸೈನ್ಯದ ಜೊತೆ ಹೋರಾಡಿದ ನಾಯಕ. ಸಂಧಾನಕ್ಕೆ ಅಂತ ಬಿಳಿ ಬಾವುಟದಡಿ ಬಂದವನನ್ನ 1837ರಲ್ಲಿ ಮೋಸದಿಂದ ಹಿಡಿದ್ರು, ಮುಂದಿನ ಜನವರಿಯಲ್ಲಿ ಸೆರೆಯಲ್ಲೇ ಸತ್ತ. ಇಂಥವನ ವೇಷ! ಆದ್ರೆ ಎನ್‌ಸಿಎಎ ಈ ಯೂನಿವರ್ಸಿಟಿಗೆ ವಿನಾಯಿತಿ ಕೊಡ್ತು. ಕಾರಣ, ಸೆಮಿನೋಲ್ ಟ್ರೈಬ್ ಆಫ್ ಫ್ಲಾರಿಡಾ ತನ್ನ ಕೌನ್ಸಿಲ್‌ನಲ್ಲಿ 2005ರಲ್ಲಿ ಒಪ್ಪಿಗೆಯ ನಿರ್ಣಯ ಮಾಡಿತ್ತು. ವೇಷದ ಬಟ್ಟೆ ಹೊಲಿದುಕೊಟ್ಟಿದ್ದೂ ಸೆಮಿನೋಲ್ ಹೆಣ್ಣುಮಕ್ಕಳು. ಕಾಮರ್ಸ್ ಓದಿದವರಿಗೆ ಇನ್ನೊಂದು ವಿಷಯ ಇಂಟರೆಸ್ಟಿಂಗ್ ಅನ್ಸುತ್ತೆ. ಇದೇ ಬುಡಕಟ್ಟು 2007ರಲ್ಲಿ ಹಾರ್ಡ್ ರಾಕ್ ಇಂಟರ್‌ನ್ಯಾಷನಲ್ ಕಂಪನಿಯನ್ನ ಕೊಂಡ್ಕೊಳ್ತು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಹಾರ್ಡ್ ರಾಕ್ ಕೆಫೆ ಬೋರ್ಡ್ ನೋಡಿದೀರಲ್ಲ, ಆ ಬ್ರ್ಯಾಂಡ್‌ನ ಮಾಲೀಕರು ಸೆಮಿನೋಲ್‌ಗಳು. ಬೇಡ ಅನ್ಸಿದ ದಿನ ‘ಬೇಡ’ ಅನ್ನೋ ಶಕ್ತಿ ಅವರಿಗಿದೆ. ಹಾಗಾಗಿ ಅವರ ‘ಹೂಂ’ಗೆ ಬೆಲೆ ಇದೆ ಅಂತ ನನ್ನ ಅಭಿಪ್ರಾಯ.

ಇದಕ್ಕೆ ಪೂರ್ತಿ ಉಲ್ಟಾ ಕಥೆ ನಾರ್ತ್ ಡಕೋಟಾ ಯೂನಿವರ್ಸಿಟಿಯದ್ದು. ಅಲ್ಲಿ ಟೀಮ್ ಹೆಸರು ಫೈಟಿಂಗ್ ಸೂ. ಸೂ ಕೂಡ ಜನಾಂಗದ ಹೆಸರೇ. ಹಳೆ ವಿದ್ಯಾರ್ಥಿ ರಾಲ್ಫ್ ಎಂಗಲ್‌ಸ್ಟಾಡ್, ಲಾಸ್ ವೇಗಸ್‌ನ ಕ್ಯಾಸಿನೊ ಮಾಲೀಕ, ಕಾಲೇಜಿಗೆ 10 ಕೋಟಿ ಡಾಲರ್‌ಗೂ ಮೀರಿದ ಐಸ್ ಹಾಕಿ ಸ್ಟೇಡಿಯಂ ಕಟ್ಟಿಸಿಕೊಡ್ತಿದ್ದ. ಅದೇ ಹೊತ್ತಿಗೆ ಹೆಸರು ಬದಲಾಯಿಸೋ ಚರ್ಚೆ ಶುರುವಾಯ್ತು. 2000ದ ಕೊನೆಯಲ್ಲಿ ಅವನು ಯೂನಿವರ್ಸಿಟಿಗೆ ಪತ್ರ ಬರೆದ: ಹೆಸರು ಬದಲಾಯಿಸಿದ್ರೆ ಕೆಲಸ ಅರ್ಧಕ್ಕೆ ನಿಲ್ಲಿಸ್ತೀನಿ. ಹೆಸರು ಉಳೀತು. 2001ರಲ್ಲಿ ಸ್ಟೇಡಿಯಂ ತೆರೆದಾಗ ನೋಡಿದ್ರೆ, ಅದರಲ್ಲಿ ಸಾವಿರಾರು ಕಡೆ ಸೂ ಲೋಗೊ. ನೆಲದ ಗ್ರಾನೈಟ್‌ನಲ್ಲಿ ಕೊರೆದಿದ್ದು, ಸೀಟುಗಳ ಪಕ್ಕ ಹಿತ್ತಾಳೆಯದ್ದು. ಮುಂದೆ ಯಾರಾದ್ರೂ ತೆಗೀತೀನಿ ಅಂದ್ರೆ ಖರ್ಚು ಕೇಳಿಯೇ ಸುಮ್ಮನಾಗಬೇಕು. ಬಾಡಿಗೆ ಮನೆ ಗೋಡೆಗೆ ಹಳೇ ಬಾಡಿಗೆದಾರ ಹೊಡೆದ ಮೊಳೆ ಥರ ಅಲ್ಲ ಇದು, ಪಿಲ್ಲರ್‌ನಲ್ಲೇ ಹೆಸರು ಹಾಕಿ ಕಾಂಕ್ರೀಟ್ ಸುರಿದ ಹಾಗೆ.

ಆಮೇಲೆ ಎನ್‌ಸಿಎಎ ಜೊತೆ ಕೇಸು. 2007ರಲ್ಲಿ ರಾಜಿ: ಮೂರು ವರ್ಷದೊಳಗೆ ಆ ರಾಜ್ಯದ ಎರಡು ಸೂ ಬುಡಕಟ್ಟುಗಳ ಒಪ್ಪಿಗೆ ತನ್ನಿ. ಸ್ಪಿರಿಟ್ ಲೇಕ್‌ನವರು 2009ರಲ್ಲಿ ವೋಟ್ ಹಾಕಿ ಶೇ. 67ರಷ್ಟು ಜನ ‘ಇರಲಿ’ ಅಂದ್ರು. ಸ್ಟ್ಯಾಂಡಿಂಗ್ ರಾಕ್‌ನ ಕೌನ್ಸಿಲ್ ಮೊದಲಿನಿಂದಲೂ ‘ಬೇಡ’ ಅಂತಿತ್ತು, ಹಾಗೇ ಉಳೀತು. ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಸಹಿ ಹಾಕ್ದ, ಒಬ್ಬ ಹಾಕ್ಲಿಲ್ಲ, ಈಗ ಜಮೀನು ಮಾರಬಹುದಾ? ನಮ್ಮೂರ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕೇಳಿದ್ರೆ ಉತ್ತರ ಸಿಗುತ್ತೆ. 2011ರಲ್ಲಿ ರಾಜ್ಯದ ಶಾಸಕರು ಈ ಹೆಸರು ಇರಲೇಬೇಕು ಅಂತ ಕಾನೂನು ಮಾಡಿ, ಅದೇ ವರ್ಷ ಅವರೇ ವಾಪಸ್ ತಗೊಂಡ್ರು. ಕೊನೆಗೆ 2012ರ ಜೂನ್‌ನಲ್ಲಿ ಇಡೀ ರಾಜ್ಯದ ಜನ ವೋಟ್ ಹಾಕಿದ್ರು. ಇಲ್ಲೂ ಶೇ. 67, ಆದ್ರೆ ಈ ಸಲ ‘ಬಿಡೋಣ’ ಅನ್ನೋದಕ್ಕೆ. ಈಗ ಆ ಟೀಮ್ ಹೆಸರು ಫೈಟಿಂಗ್ ಹಾಕ್ಸ್. ಗಿಡುಗಗಳು ಯಾವ ತಕರಾರೂ ಮಾಡಿಲ್ಲ.

ಇನ್ನೊಂದು ಮಾತು, ನನ್ನ ವಾದಕ್ಕೇ ತೊಡಕು ಮಾಡೋದು. ಅರಿಜೋನಾದಲ್ಲಿ ನವಾಹೊ ಜನರ ಪ್ರದೇಶದೊಳಗೇ ರೆಡ್ ಮೇಸಾ ಅನ್ನೋ ಹೈಸ್ಕೂಲ್ ಇದೆ. ಓದೋ ಮಕ್ಕಳು ಬಹುಪಾಲು ನವಾಹೊಗಳೇ. ಅವರ ಟೀಮ್ ಹೆಸರು ರೆಡ್‌ಸ್ಕಿನ್ಸ್, ಚರ್ಮದ ಬಣ್ಣದ ಮೇಲೆ ಕರೆಯೋ ಅದೇ ಬೈಗುಳ. ಅವರು ತಾವಾಗೇ ಇಟ್ಕೊಂಡಿದಾರೆ. ಗೆಳೆಯರ ಮಧ್ಯೆ ನಾವು ಒಬ್ಬರನ್ನೊಬ್ಬರು ಏನೇನೋ ಕರೀತೀವಲ್ಲ, ಆ ಹೆಸರನ್ನೇ ಹೊರಗಿನವನು ಕರೆದ್ರೆ ಬೇರೆ ಆಗುತ್ತೆ. ಹೊರಗಿನವರು ಕರೆದಿದ್ದರ ಕಥೆ ವಾಷಿಂಗ್ಟನ್‌ನದ್ದು.

ವಾಷಿಂಗ್ಟನ್ ರೆಡ್‌ಸ್ಕಿನ್ಸ್. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಟೀಮ್, 1933ರಿಂದ ಅದೇ ಹೆಸರು. ಸುಜಾನ್ ಹಾರ್ಜೊ ಅನ್ನೋ ಮೂಲನಿವಾಸಿ ಹೋರಾಟಗಾರ್ತಿ ಮತ್ತು ಜೊತೆಯವರು 1992ರಲ್ಲಿ ಟ್ರೇಡ್‌ಮಾರ್ಕ್ ಕಚೇರಿಗೆ ಅರ್ಜಿ ಹಾಕಿದ್ರು: ಇದು ಅವಮಾನದ ಪದ, ಇದರ ನೋಂದಣಿ ರದ್ದು ಮಾಡಿ. 1999ರಲ್ಲಿ ಗೆದ್ರು, 2003ರಲ್ಲಿ ಕೋರ್ಟ್‌ನಲ್ಲಿ ಸೋತ್ರು. ಅಮಾಂಡಾ ಬ್ಲ್ಯಾಕ್‌ಹಾರ್ಸ್ ಅನ್ನೋ ನವಾಹೊ ಯುವತಿಯ ಹೆಸರಲ್ಲಿ ಇನ್ನೊಂದು ಅರ್ಜಿ, 2014ರಲ್ಲಿ ಗೆಲುವು. 2017ರಲ್ಲಿ ಸುಪ್ರೀಂ ಕೋರ್ಟ್ ಬೇರೆ ಒಂದು ಕೇಸಿನಲ್ಲಿ, ಅವಮಾನಕರ ಅನ್ನೋ ಕಾರಣಕ್ಕೆ ಟ್ರೇಡ್‌ಮಾರ್ಕ್ ನಿರಾಕರಿಸೋ ನಿಯಮವೇ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. 25 ವರ್ಷದ ಹೋರಾಟ, ಕೈಗೆ ಏನೂ ಇಲ್ಲ. ಮಧ್ಯೆ 2013ರಲ್ಲಿ ಟೀಮ್ ಮಾಲೀಕ ಡ್ಯಾನ್ ಸ್ನೈಡರ್ ಪತ್ರಿಕೆಯವರಿಗೆ ಹೇಳಿದ್ದ, ಈ ಹೆಸರು ಯಾವತ್ತೂ ಬದಲಾಗಲ್ಲ, ಬೇಕಾದ್ರೆ ದೊಡ್ಡಕ್ಷರದಲ್ಲೇ ಬರ್ಕೊಳ್ಳಿ ಅಂತ.

ಬಿಕಾಂನಲ್ಲಿ ಗುಡ್‌ವಿಲ್ ಅಂತ ಒಂದು ಚಾಪ್ಟರ್ ಇತ್ತು. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ, ಆದ್ರೆ ಬ್ಯಾಲೆನ್ಸ್ ಶೀಟ್‌ನಲ್ಲಿ ಆಸ್ತಿ ಕಡೆ ಕೂತಿರುತ್ತೆ. ಅದು ಕರಗಿದ್ರೆ ಎಷ್ಟು ಬೇಗ ಕರಗುತ್ತೆ ಅಂತ ನೋಡಬೇಕಾದ್ರೆ 2020 ನೋಡಿ. ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆ ಆಯ್ತು, ಅಮೆರಿಕ ಪೂರ್ತಿ ಬೀದಿಗೆ ಬಂತು. ಒಟ್ಟು 620 ಬಿಲಿಯನ್ ಡಾಲರ್ ಹಣ ನೋಡ್ಕೊಳ್ಳೋ 87 ಹೂಡಿಕೆ ಸಂಸ್ಥೆಗಳು ಮತ್ತು ಷೇರುದಾರರು ನೈಕಿ, ಫೆಡ್‌ಎಕ್ಸ್, ಪೆಪ್ಸಿಕೋ ಕಂಪನಿಗಳಿಗೆ ಪತ್ರ ಬರೆದ್ರು: ಈ ಹೆಸರು ಇರೋವರೆಗೂ ಈ ಟೀಮ್ ಜೊತೆ ವ್ಯವಹಾರ ಬೇಡ. ಸ್ಟೇಡಿಯಂಗೆ ಹೆಸರು ಕೊಟ್ಟಿದ್ದ ಫೆಡ್‌ಎಕ್ಸ್ ಜುಲೈ 2ರಂದು ಬಹಿರಂಗವಾಗಿ ಹೆಸರು ಬದಲಾಯಿಸಿ ಅಂತು. ನೈಕಿ ತನ್ನ ಸೈಟಿನಿಂದ ಜೆರ್ಸಿಗಳನ್ನ ತೆಗೀತು. ಜುಲೈ 13ಕ್ಕೆ ಹೆಸರು ಹೋಯ್ತು. ದೊಡ್ಡಕ್ಷರದ ‘ಯಾವತ್ತೂ’ಗೆ ಬಾಳಿಕೆ ಬಂದಿದ್ದು ಏಳು ವರ್ಷ, ಕೊನೇ ಪೆಟ್ಟಿಗೆ ಬೇಕಾಗಿದ್ದು 11 ದಿನ.

ಇದನ್ನ ಕೇಳಿ ಖುಷಿಪಡಬೇಕಾ ಬೇಸರ ಮಾಡ್ಕೋಬೇಕಾ? ನನಗೆ ಎರಡೂ ಆಗುತ್ತೆ. ಬ್ಲ್ಯಾಕ್‌ಹಾರ್ಸ್, ಹಾರ್ಜೊ ಅಷ್ಟು ವರ್ಷ ಹೇಳಿದ್ದೂ ಇದೇ ಮಾತು. ಆಗ ಕೇಳಿಸದೇ ಇದ್ದಿದ್ದು ಸ್ಪಾನ್ಸರ್ ಹೇಳಿದ ತಕ್ಷಣ ಕೇಳಿಸ್ತು. ಹಾಗಂತ ಅವರ ಹೋರಾಟ ವ್ಯರ್ಥ ಅನ್ನೋಕಾಗಲ್ಲ. ಆ 25 ವರ್ಷ ಇರದಿದ್ರೆ ಆ 87 ಜನಕ್ಕೆ ಪತ್ರದಲ್ಲಿ ಬರೆಯೋಕೆ ಏನೂ ಇರ್ತಿರ್ಲಿಲ್ಲ.

ಹೆಸರು ಬದಲಾದ್ರೆ ಅಭಿಮಾನಿಗಳು ಸತ್ತುಹೋಗ್ತಾರಾ? ಕ್ಲೀವ್‌ಲ್ಯಾಂಡ್ ನೋಡಿ. ಬೇಸ್‌ಬಾಲ್ ಟೀಮ್, ಹೆಸರು ಇಂಡಿಯನ್ಸ್. ಲೋಗೊ ಚೀಫ್ ವಾಹೂ, ಕೆಂಪು ಮುಖ, ಹಲ್ಲು ಪೂರ್ತಿ ಬಿಟ್ಕೊಂಡು ನಗ್ತಿರೋ ಕಾರ್ಟೂನ್. ಮತ್ತೆ ಅದೇ ನಗು. 2018ರ ಸೀಸನ್ ಆದ ಮೇಲೆ ಜೆರ್ಸಿಯಿಂದ ವಾಹೂ ಹೋದ. 2022ರಿಂದ ಟೀಮ್ ಹೆಸರು ಗಾರ್ಡಿಯನ್ಸ್. ಇದು ಎಲ್ಲಿಂದ ಬಂತು ಗೊತ್ತಾ? ಸ್ಟೇಡಿಯಂ ಪಕ್ಕದ ಸೇತುವೆ ಮೇಲೆ ಕಲ್ಲಿನ ದೊಡ್ಡ ಪ್ರತಿಮೆಗಳಿವೆ, ‘ಗಾರ್ಡಿಯನ್ಸ್ ಆಫ್ ಟ್ರಾಫಿಕ್’ ಅಂತ. ಊರಿನವರು ದಿನಾ ಅದರ ಕೆಳಗೆ ಓಡಾಡ್ತಾರೆ. ತಮಾಷೆ ಅಂದ್ರೆ, ಅದೇ ಊರಲ್ಲಿ ರೋಲರ್ ಡರ್ಬಿ ಆಡೋ ಒಂದು ಚಿಕ್ಕ ಟೀಮ್‌ಗೆ ಆಗಲೇ ಗಾರ್ಡಿಯನ್ಸ್ ಅಂತ ಹೆಸರಿತ್ತು. ಅವರು ಕೇಸ್ ಹಾಕಿದ್ರು, ಆಮೇಲೆ ರಾಜಿ ಆಗಿ ಈಗ ಇಬ್ಬರೂ ಅದೇ ಹೆಸರಲ್ಲಿದಾರೆ. ಹೊಸ ಹೆಸರು ಹುಡುಕೋಕೆ ಯಾರ ಮುಖವನ್ನೂ ಕದಿಯೋದು ಬೇಕಾಗ್ಲಿಲ್ಲ, ಊರಿನ ಸೇತುವೆ ಸಾಕಾಯ್ತು. ನಮ್ಮ ಬೆಂಗಳೂರು ಎಫ್‌ಸಿ ಲಾಂಛನದಲ್ಲಿ ಗಂಡಭೇರುಂಡ ಇರೋದು ನನಗೆ ಇಷ್ಟ ಆಗೋದೂ ಇದಕ್ಕೇ. ಬಸ್ಸಿನ ಮೇಲೆ, ಸರ್ಕಾರಿ ಕಾಗದದ ಮೇಲೆ ನೋಡಿ ಬೆಳೆದ ಹಕ್ಕಿ.

ಕಥೆ ಮುಗಿದಿಲ್ಲ. ನ್ಯೂಯಾರ್ಕ್ ರಾಜ್ಯ 2023ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ ಮ್ಯಾಸ್ಕಾಟ್ ಬೇಡ ಅಂತ ನಿಯಮ ಮಾಡ್ತು. ಬುಡಕಟ್ಟಿನ ಒಪ್ಪಿಗೆ ಇದ್ರೆ ಮಾತ್ರ ಇರಬಹುದು. ಲಾಂಗ್ ಐಲ್ಯಾಂಡ್‌ನ ಮಾಸಪೀಕ್ವಾ ಶಾಲೆಯವರು, ಅವರ ಟೀಮ್ ಹೆಸರು ಚೀಫ್ಸ್, ಒಪ್ಪದೆ ಕೋರ್ಟ್‌ಗೆ ಹೋದ್ರು. 2025ರಲ್ಲಿ ಅಧ್ಯಕ್ಷ ಟ್ರಂಪ್ ಅವರ ಪರ ನಿಂತ್ರು. ಅದೇ ವರ್ಷ ಜುಲೈನಲ್ಲಿ ವಾಷಿಂಗ್ಟನ್ ಟೀಮ್ ಹಳೇ ಹೆಸರಿಗೇ ವಾಪಸ್ ಹೋಗಬೇಕು ಅಂತಾನೂ ಅಂದ್ರು. ಅಂದ್ರೆ ಯಾರೂ ಮೂಲನಿವಾಸಿ ಮಕ್ಕಳನ್ನ ಕೂರಿಸಿ ಕೇಳದೇ ಮತ್ತೊಂದು ಸುತ್ತು ಶುರು.

ನಮ್ಮ ಕಾಲೇಜು ಫೆಸ್ಟ್‌ಗಳಿಗೂ, ಅಪಾರ್ಟ್‌ಮೆಂಟ್ ಕ್ರಿಕೆಟ್ ಲೀಗ್‌ಗಳಿಗೂ ಈಗ ಮ್ಯಾಸ್ಕಾಟ್ ಬರ್ತಿದೆ. ಹುಲಿ, ಸಿಂಹ, ರೋಬೊ ಎಲ್ಲಾ ಸರಿ. ಕೆಲವು ಕಡೆ ಮೈಗೆ ಕಪ್ಪು ಬಳ್ಕೊಂಡು, ಸೊಂಟಕ್ಕೆ ಸೊಪ್ಪು ಕಟ್ಕೊಂಡು ‘ಟ್ರೈಬಲ್ ಥೀಮ್’ ಅಂತ ಬರೋದನ್ನೂ ನೋಡಿದೀನಿ. ಬಿಆರ್ ಹಿಲ್ಸ್‌ನ ಸೋಲಿಗರ ಹುಡುಗಿಯೊಬ್ಬಳು ಅದೇ ಕ್ಲಾಸ್‌ನಲ್ಲಿ ಕೂತಿರಬಹುದು, ಹಾಸನ ಕಡೆಯ ಹಕ್ಕಿಪಿಕ್ಕಿ ಹುಡುಗ ಇರಬಹುದು. ಅವರೂ ನಗೋಕೆ ಪ್ರಯತ್ನ ಮಾಡ್ತಿರಬಹುದು. ನಿಮ್ಮ ಕಮಿಟಿ ಮೀಟಿಂಗ್‌ನಲ್ಲಿ ಈ ಐಡಿಯಾ ಬಂದ್ರೆ ಈ ಎಪಿಸೋಡ್ ಲಿಂಕ್ ಗ್ರೂಪ್‌ಗೆ ಹಾಕಿ.

ನಿಮ್ಮ ಶಾಲೆ, ಕಾಲೇಜು, ಟೀಮ್‌ಗೆ ಮ್ಯಾಸ್ಕಾಟ್ ಇದ್ರೆ ಅದನ್ನ ಯಾರು ಆರಿಸಿದ್ದು, ಹೇಗೆ ಆರಿಸಿದ್ದು ಅಂತ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ, ಚೆನ್ನಾಗಿರೋದನ್ನ ಮುಂದಿನ ವಾರ ಕೇಳಿಸ್ತೀನಿ. ಸೂಟ್ ಒಳಗೆ ಕೂತು ಬಂದವರಿದ್ರೆ ಅವರಿಗೆ ಮೊದಲ ಚಾನ್ಸ್. ಇವರಿಗೆ ಮಾತಾಡೋಕೆ ಬಿಡಬೇಕಾಗಿದ್ದು ತುಂಬಾ ಬಾಕಿ ಇದೆ. ಸಿಗೋಣ.